ಹಿಂದಿನಿಂದ ಬಂದ ದನಿ

"ಬಾ ವರ್ಲಿನ್, ದಾರಿ ಖಾಲಿ ಇದೆ. ನಿನ್ನ ಕರೂನೂ ಕರ್ಕೊಂಡು ಬಂದ್ಬಿಡು."

ಹೆಲ್ಮೆಟ್ಟಿನೊಳಗೆ ಲೋವೆಲ್‌ನ ದನಿ ಎಂದಿನ ಹಾಗೆ ಮೂಗಿನಲ್ಲೇ ಬಂತು. ವರ್ಲಿನ್ ಎಡಗಡೆಯ ದೀಪ ಮಿಣುಕಿಸಿ ಬೈಕನ್ನು ಪಕ್ಕದ ಲೇನಿನ ಸಾಲಿಗೆ ಹೊರಳಿಸಿದ. ಎದುರಿಗೆ ದನ ತುಂಬಿಕೊಂಡ ಲಾರಿಯೊಂದು ದಾರಿಯುದ್ದಕ್ಕೂ ಸಗಣಿ ವಾಸನೆ ಹರಡುತ್ತ ತೆವಳುತ್ತಿತ್ತು, ಅದನ್ನು ದಾಟಬೇಕಿತ್ತು. ಬೆನ್ನಿಗೆ ಹೆಂಡತಿ ಅಲ್ವೀನಾ ಕೂತಿದ್ದಳು. ಅವಳ ಹಿಂದೆ, ಬೈಕಿನ ಬಾಲಕ್ಕೆ ಕೊಂಡಿ ಹಾಕಿದ ಪುಟ್ಟ ಟ್ರೇಲರು. ಡೇರೆ, ಮಡಚುವ ಕುರ್ಚಿ, ಒಲೆ, ಬಟ್ಟೆ, ಜೊತೆಗೆ ಬರುತ್ತಿದ್ದ ಗೆಳೆಯರ ಗಂಟುಮೂಟೆ ಎಲ್ಲ ಸೇರಿ ಅದರೊಳಗೆ ಒಂದು ಸಂಸಾರವೇ ಇತ್ತು. ತಾಯಿ ಹೋದ ಕಡೆ ಹೋಗುತ್ತದೆ ಅಂತ ಅಲ್ವೀನಾಳೇ ಅದಕ್ಕೆ ಕರು ಎಂದು ಹೆಸರಿಟ್ಟಿದ್ದಳು.

ಬೈಕು ಇನ್ನೂ ಪಕ್ಕದ ಸಾಲಿಗೆ ಪೂರ್ತಿ ಸೇರಿರಲಿಲ್ಲ. ಎಡಗಡೆ ಏನೋ ಕೆಂಪಗೆ ಹೊಳೆಯಿತು. ಹಿಂದಿನಿಂದ ಯಾರೋ ಅಂಗಿ ಹಿಡಿದು ಜಗ್ಗಿದ ಹಾಗೆ ಬೈಕು ಒಮ್ಮೆ ತಡೆದು ನಿಂತಂತಾಯಿತು. ಆಮೇಲೆ ಕೊಂಡಿ ಕಿತ್ತು ಟ್ರೇಲರು ಒಂದು ಕಡೆ, ಬೈಕು ಒಂದು ಕಡೆ. ಬೈಕು ಗಂಡ ಹೆಂಡತಿಯನ್ನು ಹೊತ್ತುಕೊಂಡೇ ರಸ್ತೆಯ ಪಕ್ಕದ ಹುಲ್ಲಿನ ಇಳಿಜಾರಿಗೆ ಜಾರಿತು. ವರ್ಲಿನ್‌ಗೆ ನೆನಪಿರುವುದು ಬಾಯಿ ತುಂಬ ಮಣ್ಣು, ಮತ್ತು ಟಾರಿನ ಮೇಲೆ ಉರುಳಾಡುತ್ತಿದ್ದ ಅಲ್ವೀನಾಳ ಉಪ್ಪಿನಕಾಯಿ ಸೀಸೆಗಳು. ಅವಳ ಭುಜದ ಮೂಳೆ ಎರಡು ಕಡೆ ಮುರಿದಿತ್ತು. ಅವನ ಗದ್ದಕ್ಕೆ ಹೊಲಿಗೆ ಬಿತ್ತು.

ಹೀಗೆ ಸಾಲಾಗಿ ದೂರ ದೂರ ಬೈಕಿನಲ್ಲಿ ಹೋಗುವವರಲ್ಲಿ ಒಂದು ಪದ್ಧತಿ ಇದೆ. ಎಲ್ಲರಿಗಿಂತ ಹಿಂದೆ ಬರುವವನೇ ಇಡೀ ದಂಡಿನ ಕಣ್ಣು. ಸಾಲು ಬದಲಿಸಬೇಕಾದಾಗ ಮುಂದಿನ ನಾಯಕ ರೇಡಿಯೊದಲ್ಲಿ ಕೇಳುತ್ತಾನೆ. ಹಿಂದಿನವನು ಮೊದಲು ತಾನು ಪಕ್ಕದ ಸಾಲಿಗೆ ಸರಿದು, ಹಿಂದಿನಿಂದ ಬರುವ ಗಾಡಿಗಳನ್ನು ತಡೆದುಕೊಂಡು, ಆಮೇಲೆ 'ಬನ್ನಿ' ಅನ್ನಬೇಕು. ಮಿಕ್ಕವರು ಆ ಮಾತಿನ ಮೇಲೆ ಹೊರಳುತ್ತಾರೆ. ಟ್ರೇಲರು ಎಳೆಯುವವನಿಗಂತೂ ಆ ಮಾತೇ ಗತಿ, ಅವನ ಕನ್ನಡಿಯಲ್ಲಿ ಅರ್ಧಕ್ಕರ್ಧ ಟ್ರೇಲರೇ ಕೂತಿರುತ್ತದೆ. ವರ್ಲಿನ್‌ಗೆ ಹಿಂದೆ ಬರುವವನು ಯಾವಾಗಲೂ ಲೋವೆಲ್. ಇಬ್ಬರೂ ಅಯೋವಾದ ಒಂದೇ ಊರಿನವರು, ಒಂದೇ ಬೆಂಚಿನಲ್ಲಿ ಕೂತು ಓದಿದವರು. ಲೋವೆಲ್ ಊರಿನ ಕ್ಷೌರಿಕ. ವರ್ಲಿನ್ ಡೈರಿಯ ಹಾಲಿನ ಟ್ಯಾಂಕರ್ ಓಡಿಸಿ ನಿವೃತ್ತನಾದವನು, ಅಷ್ಟು ವರ್ಷದಲ್ಲಿ ಒಂದು ಬೇಲಿಯ ಕಂಬಕ್ಕೂ ಗಾಡಿ ತಾಗಿಸಿದವನಲ್ಲ. ಅಂಥವನು ರಸ್ತೆಯ ಮೇಲೆ ಬೇರೆ ಯಾರನ್ನೂ ನಂಬದಿದ್ದರೂ ಲೋವೆಲ್‌ನ ದನಿಯನ್ನು ಕಣ್ಣು ಮುಚ್ಚಿ ನಂಬಿದ್ದ.

ವರ್ಲಿನ್‌ನನ್ನು ಹುಲ್ಲಿನಲ್ಲಿ ಕೂರಿಸಿ ಯಾರೋ ಗದ್ದಕ್ಕೆ ಬಟ್ಟೆ ಒತ್ತುತ್ತಿರುವಾಗಲೇ ಪೊಲೀಸಿನವನು ಬಂದು ವಿಚಾರಿಸಿದ. ಕೆಂಪು ಕಾರಿನ ಹುಡುಗಿ ಅಳುತ್ತ, "ಈ ಅಜ್ಜ ಏಕಾಏಕಿ ನನ್ನ ಮುಂದಕ್ಕೆ ಬಂದ್ಬಿಟ್ರು" ಅಂದಳು.

"ಹಿಂದಿನವನು ಬಾ ಅಂದ, ನಾನು ಬಂದೆ," ಎಂದ ವರ್ಲಿನ್.

"ಯಾರು ಏನೇ ಹೇಳ್ಲಿ ಸ್ವಾಮಿ, ಹ್ಯಾಂಡಲ್ ಹಿಡಿದೋರು ನೀವು. ನೋಡ್ಕೊಂಡು ಬರೋದು ನಿಮ್ಮ ಜವಾಬ್ದಾರಿ," ಎಂದು ಪೊಲೀಸಿನವನು ದಂಡದ ಚೀಟಿ ಹರಿದು ಕೊಟ್ಟ. ವರ್ಲಿನ್ ವಾದ ಮಾಡಲಿಲ್ಲ. ಕಾನೂನು ಅವನಿಗೂ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಅವನ ಗದ್ದ ಹೊಲಿದು ಹೊರಗೆ ಬಿಡುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಕಾಯುವ ಕೋಣೆಯಲ್ಲಿ ಲೋವೆಲ್, ದಂಡಿನ ನಾಯಕ ಗೇಲನ್, ಗೇಲನ್‌ನ ಹೆಂಡತಿ ಮೂವರೂ ಸಾಲಾಗಿ ಕೂತಿದ್ದರು. ಯಾರ ಕೈಯಲ್ಲೂ ಕಾಫಿ ಇರಲಿಲ್ಲ, ಅದೇ ವಿಚಿತ್ರ. ವರ್ಲಿನ್ ಲೋವೆಲ್‌ನ ಪಕ್ಕ ಕೂತ. ಬೈಯುವ ಮನಸ್ಸು ಅವನಿಗಿರಲಿಲ್ಲ. ಮನುಷ್ಯ ಅಂದಮೇಲೆ ತಪ್ಪುತ್ತಾನೆ, ತನ್ನ ಕಡೆಯಿಂದ ಮೊದಲೇ ಹೇಳಿಬಿಡೋಣ ಅಂತ ಬಾಯಿ ತೆರೆದ.

"ಲೋವೆಲ್, ಆಗಿದ್ದು ಆಗೋಯ್ತು ಕಣಯ್ಯ. ನೀನು ಬಾ ಅಂದಾಗ ಆ ಕಾರು ನಿಂಗೂ ಕಂಡಿರ್ಲಿಕ್ಕಿಲ್ಲ."

ಲೋವೆಲ್ ತನ್ನ ಬೂಟನ್ನೇ ನೋಡುತ್ತಿದ್ದ. "ನಾನೇನೂ ಹೇಳ್ಲಿಲ್ಲ ವರ್ಲಿನ್," ಅಂದ.

"ಹೇಳ್ಲಿಲ್ಲ ಅಂದ್ರೆ?"

"ರೇಡಿಯೊದಲ್ಲಿ ನಾನು ಬಾಯೇ ಬಿಟ್ಟಿಲ್ಲ."

ವರ್ಲಿನ್ ಗೇಲನ್‌ನ ಕಡೆ ತಿರುಗಿದ. ಗೇಲನ್ ಊರಿನ ಚರ್ಚಿನ ಹಿರಿಯ, ಸುಳ್ಳು ಹೇಳಿ ಗೊತ್ತಿಲ್ಲದವನು. ಅವನೂ ತಲೆ ಅಲ್ಲಾಡಿಸಿದ. "ದಾಟೋಣವಾ ಅಂತ ನಾನು ಕೇಳ್ದೆ. ಉತ್ತರ ಬರೋ ಮೊದ್ಲೇ ನೀನು ಹೊರಳಿಸ್ಬಿಟ್ಟಿದ್ದೆ."

ಗದ್ದದ ನೋವು ಮರೆತುಹೋಯಿತು. ವರ್ಲಿನ್ ಎದ್ದು ನರ್ಸನ್ನೂ ಕೇಳದೆ ಒಳಗೆ ಹೋದ. ಅಲ್ವೀನಾ ಭುಜಕ್ಕೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದಳು. ಅವಳ ಹೆಲ್ಮೆಟ್ಟಿಗೂ ಅವನ ಹೆಲ್ಮೆಟ್ಟಿಗೂ ಒಂದೇ ತಂತಿ. ಅವನಿಗೆ ಕೇಳಿಸಿದ್ದು ಅವಳಿಗೆ ಕೇಳಿಸಲೇಬೇಕು. ಲೋಕವೆಲ್ಲ ಇಲ್ಲ ಅಂದರೂ ಇವಳು ಹೌದು ಅಂದರೆ ಸಾಕಿತ್ತು.

"ಅಲ್ವೀನಾ, ಲೋವೆಲ್ ಬಾ ಅಂದಿದ್ದು ನಿಂಗೆ ಕೇಳಿಸ್ತಲ್ವಾ?"

ಅವಳು ಕಣ್ಣು ಬಿಟ್ಟಳು. ಅವನ ಮುಖವನ್ನು ನೇರವಾಗಿ ನೋಡಿದಳು.

"ಇಲ್ಲ ವರ್ಲಿನ್. ಯಾರ ದನೀನೂ ಬರ್ಲಿಲ್ಲ. ನೀನೇ ಹೊರಳಿಸ್ದೆ."

ಅಲ್ಲಿಗೆ ಮುಗಿಯಿತು. ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿ, ಅದೂ ಮೂಳೆ ಮುರಿದುಕೊಂಡು ಮಲಗಿದವಳು ಯಾಕೆ ಸುಳ್ಳು ಹೇಳುತ್ತಾಳೆ? ಹಾಗಾದರೆ ಇಲ್ಲದ ದನಿ ಅವನಿಗೆ ಕೇಳಿಸಿತ್ತು. ಅವನ ಅಣ್ಣ ಓರಿನ್‌ಗೂ ಶುರುವಾದದ್ದು ಹೀಗೆಯೇ. ಎಂದೋ ಮಾರಿದ ಹಸುಗಳು ಕೊಟ್ಟಿಗೆಯಲ್ಲಿ ಕೂಗುತ್ತಿವೆ ಅಂತ ಬೆಳಗಾಗೆದ್ದು ಬಕೆಟ್ ಹಿಡಿದು ಹೊರಡುತ್ತಿದ್ದ. ಎರಡು ವರ್ಷದೊಳಗೆ ಸ್ವಂತ ಮಗಳನ್ನು "ಯಾರಮ್ಮ ನೀನು" ಎಂದು ಕೇಳಿದ್ದ. ವರ್ಲಿನ್ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು, ಓರಿನ್‌ನ ಹೆಸರನ್ನು ಮನಸ್ಸಿಗೆ ಬರದ ಹಾಗೆ ತಡೆಯಲು ನೋಡಿದ. ಆಗಲಿಲ್ಲ.

ಊರಿಗೆ ಬಂದವನೇ ಬೈಕಿಗೆ ಹೊದಿಕೆ ಹೊದಿಸಿದ. ಯಾರೂ ಹೇಳುವ ಮೊದಲೇ, "ಇನ್ನು ಓಡ್ಸೋದಿಲ್ಲ," ಅಂದ. ಅಲ್ವೀನಾ ಅವನ ತಲೆ ಸವರಿದಳು. ಅವಳು ಆ ಚಳಿಗಾಲದುದ್ದಕ್ಕೂ ಒಂದು ದಿನವೂ ಸಿಡುಕಲಿಲ್ಲ. ನಿನ್ನಿಂದ ಕೈ ಹೋಯಿತು ಅಂತ ಒಂದು ಮಾತು ಆಡಲಿಲ್ಲ. ಎಡಗೈ ಹೆಗಲಿಂದ ಮೇಲಕ್ಕೆ ಏಳದಿದ್ದರೂ ಒಂದೇ ಕೈಯಲ್ಲಿ ಹಿಟ್ಟು ಲಟ್ಟಿಸಿ, ಅವನಿಗೆ ಇಷ್ಟವಾದ ಸೇಬಿನ ಕಡುಬು ಬೇಯಿಸಿ ಮುಂದಿಡುತ್ತಿದ್ದಳು. ಎಂಥ ಹೆಂಗಸನ್ನು ಪಡೆದೆ, ಅವಳನ್ನೇ ಕೊಲ್ಲಲು ಹೊರಟಿದ್ದೆನಲ್ಲ ಎಂದು ವರ್ಲಿನ್‌ಗೆ ತಟ್ಟೆಯ ಮುಂದೆಯೇ ಅನ್ನಿಸುತ್ತಿತ್ತು.

ತಿಂಗಳಿಗೊಮ್ಮೆ ಬೈಕಿನವರೆಲ್ಲ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ಪ್ಯಾನ್‌ಕೇಕ್ ತಿನ್ನುವುದು ಆ ಊರಿನ ವಾಡಿಕೆ. ಬೈಕ್ ಬಿಟ್ಟವನಿಗೆ ಅಲ್ಲೇನು ಕೆಲಸ ಅಂತ ಅವನು ಹಿಂಜರಿದರೂ ಗೇಲನ್ ಮನೆಗೇ ಬಂದು ಎಳೆದುಕೊಂಡು ಹೋಗುತ್ತಿದ್ದ. ಅಲ್ಲಿ ಎಲ್ಲರೂ ಅವನ ಹತ್ತಿರ ಸ್ವಲ್ಪ ಜೋರಾಗಿ, ಸ್ವಲ್ಪ ನಿಧಾನವಾಗಿ ಮಾತಾಡುತ್ತಿದ್ದರು. ಗೇಲನ್‌ನ ಹೆಂಡತಿ ಕೇಳದೆಯೇ ತಟ್ಟೆಗೆ ಇನ್ನೊಂದು ತುಂಡು ಮಾಂಸ ಹಾಕುತ್ತಿದ್ದಳು. ಲೋವೆಲ್ ಮಾತ್ರ ದೂರದ ಮೇಜಿನಲ್ಲಿ ಬೆನ್ನು ಮಾಡಿ ಕೂರುತ್ತಿದ್ದ. ತನ್ನ ತಲೆಮೇಲೆ ಸುಳ್ಳು ಅಪವಾದ ಹೊರಿಸಿದ ಅಂತ ಅವನಿಗೆ ಬೇಜಾರಾಗಿರಬೇಕು ಎಂದುಕೊಂಡು, ವರ್ಲಿನ್ ಒಮ್ಮೆ ತಾನೇ ಎದ್ದು ಹೋಗಿ ಕ್ಷಮೆ ಕೇಳಿದ. ಎಲ್ಲರ ಎದುರಿಗೇ ಕೇಳಿದ. ಎಲ್ಲರೂ ತಂತಮ್ಮ ತಟ್ಟೆ ನೋಡಿದರು. ಲೋವೆಲ್ ಅವನ ಕೈಯನ್ನು ಒಮ್ಮೆ ಹಿಡಿದು ಬಿಟ್ಟು, ಅಲ್ಲಿಂದ ಎದ್ದು ಹೊರಗೆ ಹಿಮದಲ್ಲಿ ಹೋಗಿ ನಿಂತುಬಿಟ್ಟ.

ಕಿವಿಯ ದೋಷವಿದ್ದರೂ ಇರಬಹುದು ಎಂಬ ಒಂದು ಆಸೆ ಉಳಿದಿತ್ತು. ಕಿವಿ ಡಾಕ್ಟರು ಏನೇನೋ ಕುಂಯ್ ಕುಂಯ್ ಕೇಳಿಸಿ, "ನಿಮ್ಮ ವಯಸ್ಸಿಗೆ ಈ ಕಿವಿ ಬಂಗಾರ ಯಜಮಾನ್ರೆ," ಎಂದು ಬೆನ್ನು ತಟ್ಟಿ ಕಳಿಸಿದರು. ಬೇರೆಯವನಾಗಿದ್ದರೆ ಕುಣಿಯುತ್ತಿದ್ದ. ವರ್ಲಿನ್ ಕಾರಿನಲ್ಲಿ ಕೂತು ಸುಮಾರು ಹೊತ್ತು ಬೀಗದ ಕೈ ತಿರುಗಿಸಲೇ ಇಲ್ಲ. ಕಿವಿ ಸರಿಯಿದ್ದರೆ ಕೆಟ್ಟಿರುವುದು ಯಾವುದು ಅಂತ ಹೇಳಲು ಡಾಕ್ಟರು ಬೇಕಾಗಿರಲಿಲ್ಲ.

ಆಮೇಲೆ ಅವನು ಶೆಡ್ಡಿನ ಖಾನೆಗಳಿಗೆಲ್ಲ ಚೀಟಿ ಅಂಟಿಸಲು ಶುರುಮಾಡಿದ. ಸ್ಪ್ಯಾನರು ಇಲ್ಲಿ, ಬಲ್ಬು ಇಲ್ಲಿ, ಬಣ್ಣ ಇಲ್ಲಿ. ಬಾಗಿಲಿಗೆ 'ದೀಪ ಆರಿಸು' ಅಂತ ಒಂದು. ಮರೆವು ಬಂದಮೇಲೆ ಅಂಟಿಸಿದರೆ ಏನು ಬಂತು, ನೆನಪಿರುವಾಗಲೇ ಅಂಟಿಸಬೇಕು. ಚಳಿಯಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಟ್ರೇಲರನ್ನೂ ರಿಪೇರಿ ಮಾಡಿದ. ಸೊಟ್ಟಗಾದ ಚೌಕಟ್ಟನ್ನು ಬಿಸಿ ಮಾಡಿ ನೆಟ್ಟಗಾಗಿಸಿದ, ಒಡೆದ ಮುಚ್ಚಳಕ್ಕೆ ತೇಪೆ ಹಾಕಿ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ, ಹೊಸ ತಂತಿ ಎಳೆದ, ಎರಡು ಕೋಟು ನೀಲಿ ಬಣ್ಣ ಕೊಟ್ಟ. ತನಗಲ್ಲದ ವಸ್ತುವನ್ನು ಇಷ್ಟು ಚೆಂದ ಮಾಡುತ್ತಿದ್ದೇನಲ್ಲ ಅಂತ ನಡುನಡುವೆ ಬ್ರಶ್ಶು ಕೆಳಗಿಡುತ್ತಿದ್ದ.

ಟ್ರೇಲರನ್ನು ಲೋವೆಲ್‌ಗೆ ಕೊಡೋಣ ಅಂದವಳು ಅಲ್ವೀನಾ. "ಬೇಸಿಗೆಗೆ ಅವರೆಲ್ಲ ಹೋಗ್ತಾರೆ, ಸಾಮಾನು ಹೊರೋಕೆ ಏನಾದ್ರೂ ಬೇಕಲ್ಲ. ಇಲ್ಲಿದ್ರೆ ನಿನ್ ಕಣ್ಣಿಗೆ ಚುಚ್ತಾ ಇರುತ್ತೆ," ಅಂದಳು. ಅದೂ ನಿಜ ಅನ್ನಿಸಿತು. ಹಿಮ ಕರಗಿ, ಹೊಲಗಳಲ್ಲಿ ಕರಿ ಮಣ್ಣು ಕಂಡ ಮೇಲೆ, ಒಂದು ಶನಿವಾರ ಬೆಳಗ್ಗೆ ಲೋವೆಲ್ ತನ್ನ ಬೈಕಿಗೆ ಹೊಸ ಕೊಂಡಿ ಹಾಕಿಸಿಕೊಂಡು ಬಂದ.

ವರ್ಲಿನ್ ಶೆಡ್ಡಿನ ಬಾಗಿಲು ಎತ್ತಿ, ಟ್ರೇಲರಿನ ಮುಚ್ಚಳ ತೆರೆದು ತೋರಿಸಿದ. ಮಗಳನ್ನು ಗಂಡನ ಮನೆಗೆ ಕಳಿಸುವವನ ಹಾಗೆ ಅವನಿಗೆ ಹೇಳಿದಷ್ಟೂ ಸಾಲದು.

"ಭಾರದ್ದೆಲ್ಲ ಮುಂದಕ್ಕೆ ಹಾಕು, ಗಾಲಿಗಿಂತ ಈಚೆ. ಒಲೆ, ನೀರು, ಸಲಕರಣೆ ಪೆಟ್ಟಿಗೆ. ಬಟ್ಟೆಬರೆ ಹಿಂದಕ್ಕೆ. ಉಲ್ಟಾ ತುಂಬಿದ್ಯೋ, ಇಳಿಜಾರಲ್ಲಿ ಇದು ಬಾಲ ಅಲ್ಲಾಡ್ಸೋಕೆ ಶುರು ಮಾಡುತ್ತೆ, ಆಮೇಲೆ ನಿನ್ನನ್ನೂ ಅಲ್ಲಾಡ್ಸುತ್ತೆ. ಅಲ್ಲಾಡಿದ್ರೆ ಬ್ರೇಕ್ ಹಿಡೀಬೇಡ, ಸುಮ್ನೆ ವೇಗ ಬಿಡು."

"ಹೂಂ," ಎಂದ ಲೋವೆಲ್. ಅವನ ಕಣ್ಣು ಟ್ರೇಲರಿನ ಮೇಲಿರಲಿಲ್ಲ. "ಇದೇನಯ್ಯ, ಎಲ್ಲಾ ಕಡೆ ಚೀಟಿ ಅಂಟಿಸಿದ್ದೀಯ? ಅಂಗಡಿ ಇಡ್ತೀಯಾ?"

"ನೆನಪಿಗೆ."

"ಬಲ್ಬಿನ ಡಬ್ಬಿ ಮೇಲೆ ಬಲ್ಬು ಅಂತ ಬರೀಬೇಕಾ?"

"ಇವತ್ತು ಬೇಡ. ಮುಂದೆ ಬೇಕಾಗುತ್ತೆ." ವರ್ಲಿನ್ ಟ್ರೇಲರಿನ ಮುಚ್ಚಳ ಮುಚ್ಚಿ, ಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ಓರಿನ್‌ಗೂ ಮೊದ್ಲು ದನಿ ಕೇಳಿಸ್ತು. ಆಮೇಲೆ ಒಂದೊಂದಾಗಿ ಹೆಸ್ರು ಹೋದ್ವು. ಮುಂದಿನ್ ವಾರ ತಲೆ ಡಾಕ್ಟ್ರ ಹತ್ರ ಹೋಗ್ತಿದ್ದೀನಿ. ಅಲ್ವೀನಾಗೆ ಹಲ್ಲು ತೋರ್ಸೋಕೆ ಅಂದಿದ್ದೀನಿ, ನೀನು ಬಾಯ್ಬಿಡ್ಬೇಡ. ಮನೆ, ಬ್ಯಾಂಕು ಎಲ್ಲ ಅವಳ ಹೆಸರಿಗೆ ಮಾಡ್ಬೇಕು, ನನ್ ಸಹಿ ನಂಗೆ ನೆಟ್ಟಗಿರೋವಾಗ್ಲೇ. ಆಮೇಲೆ ಅವಳ್ನ ಒಂಚೂರು ನೋಡ್ಕೊಳ್ಳಿ ನೀವೆಲ್ಲ."

ಲೋವೆಲ್ ಕೊಂಡಿಗೆ ಸರಪಳಿ ಸಿಕ್ಕಿಸಲು ಬಗ್ಗಿದ್ದವನು ಹಾಗೆಯೇ ನೆಲಕ್ಕೆ ಕೂತುಬಿಟ್ಟ. ಎಪ್ಪತ್ತು ದಾಟಿದ ದಪ್ಪ ಮನುಷ್ಯ, ಸಿಮೆಂಟಿನ ಮೇಲೆ ಕಾಲು ಚಾಚಿ ಕೂತ. ಸೊಂಟ ಹಿಡಿದಿರಬೇಕು ಅಂತ ವರ್ಲಿನ್ ಕೈ ಕೊಡಲು ಹೋದ. ಅವನು ಕೈ ಹಿಡಿಯಲಿಲ್ಲ.

"ನಾನು ಹೇಳ್ದೆ ವರ್ಲಿನ್."

"ಏನು ಹೇಳ್ದೆ?"

"ಆವತ್ತು. ಬಾ ಅಂತ. ದಾರಿ ಖಾಲಿ ಇದೆ, ಕರೂನೂ ಕರ್ಕೊಂಡು ಬಾ ಅಂತ. ನಾನು ಇನ್ನೂ ಪಕ್ಕಕ್ಕೆ ಹೋಗಿರ್ಲೇ ಇಲ್ಲ. ಮೊದ್ಲು ಬಾಯಿ, ಆಮೇಲೆ ಬೈಕು, ಹಾಗೇ ಅಭ್ಯಾಸ ಆಗೋಗಿತ್ತು ಎಷ್ಟೋ ವರ್ಷದಿಂದ. ಯಾವತ್ತೂ ಏನೂ ಆಗಿರ್ಲಿಲ್ಲ."

ವರ್ಲಿನ್‌ಗೆ ಮೊದಲು ಬಂದದ್ದು ಸಿಟ್ಟಲ್ಲ. ಮೈಯೊಳಗೆ ಎಲ್ಲೋ ಗಂಟು ಬಿಚ್ಚಿದ ಹಾಗಾಯಿತು. ಕೇಳಿಸಿದ್ದು ನಿಜ. ದನಿ ಇತ್ತು. ತಲೆ ನೆಟ್ಟಗಿದೆ. ಅವನು ಬೆಂಚು ಹಿಡಿದುಕೊಂಡು ನಿಂತ. ನಗು ಬರುವ ಹಾಗಾಯಿತು, ಬಂದರೂ ಬರಬಹುದಿತ್ತು. ಅಷ್ಟರಲ್ಲಿ ಎರಡನೆಯ ಯೋಚನೆ ಬಂತು.

"ಮತ್ತೆ ಗೇಲನ್?"

"ಅವನಿಗೂ ಕೇಳಿಸಿತ್ತು. ಅವನ ಹೆಂಡ್ತಿಗೂ."

"ಯಾಕೆ?"

ಲೋವೆಲ್ ಮೂಗು ಒರೆಸಿಕೊಂಡ. "ನಿಂಗೆ ಹೊಲಿಗೆ ಹಾಕ್ತಿದ್ರಲ್ಲ, ಆಗ ನಾನು ಒಳಗೆ ಹೋಗಿ ಅಲ್ವೀನಾ ಮುಂದೆ ಅತ್ತೆ. ತಪ್ಪು ನಂದು, ಈಗ್ಲೇ ಪೊಲೀಸಿನೋನಿಗೂ ಹೇಳಿ ಬರ್ತೀನಿ ಅಂದೆ. ಅವಳು ನನ್ ಕೈ ಹಿಡ್ಕೊಂಡ್ಲು. ಹೇಳ್ಬೇಡ ಅಂದ್ಲು. ತಪ್ಪು ತನ್ನದೇ ಅಂತ ಗೊತ್ತಾದ್ರೆ ಇವನು ಬೈಕು ಬಿಡ್ತಾನೆ, ಇಲ್ದಿದ್ರೆ ಸಾಯೋತನಕ ಬಿಡಲ್ಲ ಅಂದ್ಲು. ನಿನ್ ಗೆಳೆಯನ್ನ ಉಳಿಸ್ಕೊಡು ಅಂತ ಬೇಡ್ಕೊಂಡ್ಲು, ಗೇಲನ್‌ಗೂ ಹಾಗೇ ಹೇಳಿಸಿದ್ಲು. ನಾನೇನು ಮಾಡ್ಲಿ? ಅವಳ ಭುಜ ಮುರಿದೋನು ನಾನು."

"ಅಂದ್ರೆ ನಿನ್ ತಪ್ಪೂ ಮುಚ್ಚಿಹೋಯ್ತು."

ಲೋವೆಲ್ ತಲೆ ತಗ್ಗಿಸಿದ. "ಹೌದು. ಅದೂ ಆಯ್ತು."

"ಇನ್ಯಾರ್ಯಾರಿಗೆ ಗೊತ್ತು?"

ಲೋವೆಲ್ ಕೈಯಲ್ಲಿದ್ದ ಸರಪಳಿಯನ್ನು ನೆಲಕ್ಕೆ ಇಟ್ಟ.

"ಪ್ಯಾನ್‌ಕೇಕ್ ತಿನ್ನೋಕೆ ಬರೋರಿಗೆಲ್ಲ ಗೊತ್ತಾ?"

"ಹೆಚ್ಚು ಕಮ್ಮಿ."

"ನಾನು ನಿನ್ ಹತ್ರ ಕ್ಷಮೆ ಕೇಳ್ದಾಗ್ಲೂ ಗೊತ್ತಿತ್ತಾ?"

ಲೋವೆಲ್ ಕೂತಲ್ಲೇ ಬಿಕ್ಕಿದ. ವರ್ಲಿನ್‌ಗೆ ಅವನ ಮೇಲೆ ಕನಿಕರ ಹುಟ್ಟಲಿಲ್ಲ. ಇಡೀ ನೆಲಮಾಳಿಗೆ ಕಣ್ಣೆದುರು ಬಂತು. ಸಿಹಿ ಪಾಕ ಸುರಿದುಕೊಂಡು ತಿನ್ನುತ್ತ, ಅವನಿಗೆ ಜೋರಾಗಿ ನಿಧಾನವಾಗಿ ಮಾತಾಡುತ್ತ, ಎಲ್ಲರೂ ಎಲ್ಲವನ್ನೂ ಬಲ್ಲವರು. ತಾನೊಬ್ಬನೇ ಪೆದ್ದನ ಹಾಗೆ ಮಧ್ಯೆ ನಿಂತು ಎಲ್ಲರ ಎದುರು ತಲೆ ಬಾಗಿಸಿದವನು.

"ಎದ್ದೇಳು," ಎಂದ. "ಕೊಂಡಿ ಬಿಚ್ಚು. ಟ್ರೇಲರು ಕೊಡಲ್ಲ."

"ವರ್ಲಿನ್, ಒಳ್ಳೇದಕ್ಕೇ ಅಂತ..."

"ಒಳ್ಳೇದು ಮಾಡಿದ್ದು ಸಾಕು, ಹೋಗು ಮಾರಾಯ."

ಲೋವೆಲ್‌ನ ಬೈಕಿನ ಸದ್ದು ರಸ್ತೆಯ ತಿರುವಿನಲ್ಲಿ ಅಡಗುವವರೆಗೆ ಅವನು ಶೆಡ್ಡಿನಲ್ಲೇ ನಿಂತಿದ್ದ. ಆಮೇಲೆ ಒಂದೊಂದೇ ಚೀಟಿ ಕಿತ್ತ. ಕೆಲವು ಅಂಟು ಬಿಡಲಿಲ್ಲ. ಉಗುರಿನಿಂದ ಕೆರೆದ. ಮಿಕ್ಕಿದ್ದನ್ನು ಹಾಗೇ ಬಿಟ್ಟು ಮನೆಯೊಳಗೆ ಹೋದ.

ಅಲ್ವೀನಾ ಅಡುಗೆಮನೆಯ ಮೇಜಿನ ಮುಂದೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಲೋವೆಲ್ ಬರಿಗೈಯಲ್ಲಿ ಹೋದದ್ದನ್ನು ಕಿಟಕಿಯಲ್ಲಿ ನೋಡಿರಬೇಕು. ತಲೆ ಎತ್ತದೆಯೇ, "ಹೇಳ್ಬಿಟ್ನಾ?" ಅಂದಳು.

"ನಿಂಗೆ ಕೇಳಿಸಿತ್ತು."

"ಕೇಳಿಸಿತ್ತು." ಚಾಕು ಕೆಳಗಿಟ್ಟಳು. "ಅವನ ಪ್ರತಿಯೊಂದು ಮಾತೂ ಕೇಳಿಸಿತ್ತು. ಆ ಹುಲ್ಲಲ್ಲಿ ನೀನು ಬಕ್ಕಬೋರಲು ಬಿದ್ದಿದ್ದೆ ವರ್ಲಿನ್. ಎಷ್ಟು ಕೂಗಿದ್ರೂ ಅಲ್ಲಾಡ್ಲಿಲ್ಲ. ನಂಗೆ ಏಳೋಕಾಗ್ಲಿಲ್ಲ, ನಿನ್ ಹತ್ರ ಬರೋಕಾಗ್ಲಿಲ್ಲ. ಹೋದ ಅಂದ್ಕೊಂಡೆ. ಆವಾಗ್ಲೇ ತೀರ್ಮಾನ ಮಾಡ್ದೆ, ಇವನು ಎದ್ರೆ ಇನ್ನೊಂದ್ಸಲ ಇದರ ಮೇಲೆ ಹತ್ತಕ್ಕೆ ಬಿಡಲ್ಲ ಅಂತ."

"ಬಿಡು ಅಂತ ಒಂದು ಮಾತು ಕೇಳಿದ್ರೆ ಬಿಡ್ತಿದ್ದೆ."

"ಕೇಳಿದ್ದೆ. ಮೂರು ವರ್ಷದಿಂದ ಕೇಳ್ತಿದ್ದೆ. ಇದೊಂದು ಬೇಸಿಗೆ, ಇದೊಂದು ಬೇಸಿಗೆ ಅಂತಿದ್ದೆ ನೀನು. ನಂಗೆ ಭಯ ಆಗುತ್ತೆ ಅಂದ್ರೆ ನಕ್ಬಿಟ್ಟು, ಲೋವೆಲ್ ಇದ್ದಾನಲ್ಲೇ ಹಿಂದೆ, ಅಂತಿದ್ದೆ."

ಅದು ಸುಳ್ಳಲ್ಲ. ವರ್ಲಿನ್ ಅವಳ ಎದುರಿನ ಕುರ್ಚಿ ಎಳೆದು ಕೂತ. ಅವಳ ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಬೈಕು ಕಿತ್ಕೊಂಡ್ಯಾ, ಕಿತ್ಕೋ. ನನ್ನ ತಲೇನೇ ಕಿತ್ಕೊಂಡ್ಯಲ್ಲೇ ಅಲ್ವೀನಾ. ಓರಿನ್ ಥರ ಆಗ್ತಿದ್ದೀನಿ ಅಂತ ದಿನಾ ಬೆಳಗಾಗೆದ್ದು ನಿನ್ ಹೆಸರು ನನ್ ಹೆಸರು ಬಾಯಲ್ಲಿ ಹೇಳ್ಕೊಂಡು ನೋಡ್ತಿದ್ದೆ, ನೆನಪಿದ್ಯಾ ಇಲ್ವಾ ಅಂತ. ಶೆಡ್ಡಿನ ಚೀಟಿ ನೋಡಿದ್ಯಾ ನೀನು?"

"ನೋಡ್ದೆ."

"ನೋಡಿ?"

"ಇವತ್ತು ಹೇಳ್ಬೇಕು, ನಾಳೆ ಹೇಳ್ಬೇಕು ಅಂತಿದ್ದೆ," ಅಂದಳು. "ದಿನ ಹೋದಷ್ಟೂ ಹೇಳೋದು ಕಷ್ಟ ಆಯ್ತು. ಆದ್ರೆ ನೀನು ಮನೇಲಿದ್ದೆ. ರಾತ್ರಿ ಪಕ್ಕದಲ್ಲಿ ಉಸಿರಾಡ್ತಾ ಇದ್ದೆ. ಅಷ್ಟು ಸಾಕು ಅನ್ನಿಸ್ತಿತ್ತು."

"ಕಡುಬು ಮಾಡಿ ಹಾಕ್ದೆ."

"ಹೌದು."

"ನನ್ನನ್ನ ಕ್ಷಮಿಸಿದ್ದೀಯ ಅಂದ್ಕೊಂಡು ತಿಂದೆ ನಾನು."

ಅವಳು ಅಳಲಿಲ್ಲ, ತಪ್ಪಾಯಿತು ಅನ್ನಲೂ ಇಲ್ಲ. ಒಂದು ಆಲೂಗಡ್ಡೆಯನ್ನು ಕೈಗೆತ್ತಿಕೊಂಡು ತಿರುಗಿಸುತ್ತ ಕೂತಳು. ಅವಳು ಬೈದಿದ್ದರೆ, ಜಗಳವಾಡಿದ್ದರೆ, ಬೈಕಿನ ಚಕ್ರಕ್ಕೆ ಚಾಕು ಹಾಕಿದ್ದರೂ ವರ್ಲಿನ್ ತಡೆದುಕೊಳ್ಳುತ್ತಿದ್ದ. ಆಸ್ಪತ್ರೆಯ ಮಂಚದ ಮೇಲಿಂದ ಅವನ ಮುಖವನ್ನು ನೇರವಾಗಿ ನೋಡಿದ್ದಳಲ್ಲ, ಆ ನೋಟ ಮಾತ್ರ ಕಣ್ಣಿಂದ ಹೋಗಲೊಲ್ಲದು. ಅವನು ಎದ್ದ.

ಬೈಕಿನ ಹೊದಿಕೆ ತೆಗೆದು, ಕಿತ್ತಿದ್ದ ಕೊಂಡಿಯನ್ನು ಮತ್ತೆ ಬಿಗಿದು, ಬ್ಯಾಟರಿಗೆ ವಿದ್ಯುತ್ ಕೊಟ್ಟು, ಚಕ್ರಗಳಿಗೆ ಗಾಳಿ ತುಂಬಿದ. ಡೇರೆ, ಒಲೆ, ನೀರಿನ ಡಬ್ಬಿ ಮುಂದಕ್ಕೆ, ಎರಡು ಜೊತೆ ಬಟ್ಟೆ, ಒಂದು ಕಂಬಳಿ ಹಿಂದಕ್ಕೆ ಇಟ್ಟ. ಒಂದೇ ಕುರ್ಚಿ ಹಾಕಿದ. ಎಲ್ಲಿಗೆ ಅಂತ ಅವನು ತೀರ್ಮಾನಿಸಿರಲಿಲ್ಲ. ಪಶ್ಚಿಮಕ್ಕೆ ರಸ್ತೆ ನೆಟ್ಟಗಿದೆ, ಅಷ್ಟು ಸಾಕು. ಬೈಕನ್ನು ಶೆಡ್ಡಿನ ಹೊರಗೆ ತಂದು, ಟ್ರೇಲರನ್ನು ಕೊಂಡಿಗೆ ಕೂರಿಸಿ, ಎರಡು ಸರಪಳಿಗಳನ್ನು ಕೆಳಗಿನಿಂದ ಕತ್ತರಿಯಾಗಿ ಹಾಯಿಸಿ ಬಿಗಿದು, ದೀಪದ ತಂತಿ ಸಿಕ್ಕಿಸಿದ. ಆ ಹೊತ್ತಿಗೆ ಮಧ್ಯಾಹ್ನದ ಬಿಸಿಲು ಮನೆಯ ಹಿಂದಕ್ಕೆ ಹೋಗಿ ಅಂಗಳದಲ್ಲಿ ನೆರಳು ಬಿದ್ದಿತ್ತು.

ಹಿಂಬಾಗಿಲು ತೆರೆದ ಸದ್ದಾಯಿತು. ಅಲ್ವೀನಾ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನೇರವಾಗಿ ಟ್ರೇಲರಿನ ಹಿಂದೆ ಹೋಗಿ ನಿಂತಳು. ಹೊರಡುವ ಮೊದಲು ಹಿಂದಿನ ದೀಪಗಳು ಉರಿಯುತ್ತಿವೆಯೇ ನೋಡಿ ಹೇಳುವುದು ಇಷ್ಟು ವರ್ಷವೂ ಅವಳ ಕೆಲಸ. ಎಳೆಯುವವನು ಮುಂದೆ ಗುಂಡಿ ಒತ್ತುತ್ತಾನೆ, ಅವನಿಗೆ ಹಿಂದಿನದು ಕಾಣಿಸುವುದಿಲ್ಲ.

ವರ್ಲಿನ್ ಬೈಕಿನ ಮೇಲೆ ಕೂತ. ಎಡಗಡೆಯ ದೀಪ ಹಾಕಿದ.

"ಎಡಗಡೇದು ಉರೀತಿದೆ," ಎಂದಳು ಅಲ್ವೀನಾ.

ಬಲಗಡೆಯದು ಹಾಕಿದ.

"ಬಲಗಡೇದೂ ಉರೀತಿದೆ."

ಬ್ರೇಕ್ ಒತ್ತಿದ.

"ಎರಡೂ ಚೆನ್ನಾಗಿ ಉರೀತಿವೆ ವರ್ಲಿನ್."

ಅವನು ಬೈಕಿಗೆ ಸ್ಟ್ಯಾಂಡು ಹಾಕಿ ಕೆಳಗಿಳಿದ. ಎಡಗಡೆಯ ದೀಪ ಮಿಣುಕಿಸಿಟ್ಟು, ಟ್ರೇಲರಿನ ಉದ್ದಕ್ಕೂ ನಡೆದು ಹಿಂದಕ್ಕೆ ಬಂದ. ಅವಳು ಅರ್ಧ ಹೆಜ್ಜೆ ಸರಿದು ಜಾಗ ಬಿಟ್ಟಳು. ಅವನು ಬಗ್ಗಿ ನೋಡಿದ. ಉರಿಯುತ್ತಿತ್ತು. ವಾಪಸು ಮುಂದಕ್ಕೆ ಹೋಗಿ ಬಲಗಡೆಯದು ಹಾಕಿ, ಮತ್ತೆ ನಡೆದು ಬಂದು ಅದನ್ನೂ ನೋಡಿದ. ಅಲ್ವೀನಾ ಅವನ ಮುಖ ನೋಡುತ್ತಿದ್ದಳು. ಅವನು ಅವಳನ್ನು ನೋಡಲಿಲ್ಲ.

ಬ್ರೇಕಿನ ದೀಪವನ್ನು ಒಬ್ಬನೇ ನೋಡುವುದು ಕಷ್ಟ, ಒತ್ತುವ ಕಾಲು ಮುಂದೆಯೇ ಇರಬೇಕು. ಅವನು ಬೈಕು ಹತ್ತಿ, "ಪಕ್ಕಕ್ಕೆ ಬಾ," ಎಂದಷ್ಟೇ ಹೇಳಿ, ಟ್ರೇಲರಿನ ಬಾಲ ಶೆಡ್ಡಿನ ಕತ್ತಲೆಯೊಳಕ್ಕೆ ಹೋಗುವವರೆಗೆ ಕಾಲೂರಿ ತಳ್ಳುತ್ತ ನಿಧಾನವಾಗಿ ಹಿಂದಕ್ಕೆ ತಂದ. ಶೆಡ್ಡಿನ ಮೂಲೆಯಲ್ಲಿ ಬಿಳಿಯ ಫ್ರೀಜರ್ ನಿಂತಿತ್ತು. ಕನ್ನಡಿಯನ್ನು ಅದರ ಕಡೆ ತಿರುಗಿಸಿಕೊಂಡು ಬ್ರೇಕ್ ಒತ್ತಿದ. ಫ್ರೀಜರಿನ ಬಾಗಿಲ ಮೇಲೆ ಕೆಂಪು ಬಿತ್ತು. ಕಾಲು ತೆಗೆದ, ಆರಿತು. ಅಂಗಳದಲ್ಲಿ ಅಲ್ವೀನಾ ಏಪ್ರನ್ನಿನ ಅಂಚು ಹಿಡಿದು ನಿಂತೇ ಇದ್ದಳು. ಅವನು ಕನ್ನಡಿಯಿಂದ ಕಣ್ಣು ತೆಗೆಯದೆ ಇನ್ನೊಮ್ಮೆ ಒತ್ತಿ ನೋಡಿದ.